ಮೊಳೆಯ ದಪ್ಪ ಕೇಳಿ: ಅಮೆರಿಕದಲ್ಲಿ ಮನೆ ಕಟ್ಟಿಸುವ ನಮ್ಮ ಕಡೆಯವರಿಗೆ

ಹಳೆಯ ಬಾಗಲಕೋಟೆಯ ನಮ್ಮ ಮನೆ ಆಲಮಟ್ಟಿ ಹಿನ್ನೀರಿನ ಮುಳುಗಡೆಗೆ ಸೇರಿದಾಗ ತೊಲೆ, ಜಂತಿ, ಬಾಗಿಲುಗಳನ್ನು ಬಿಚ್ಚಿ ನವನಗರಕ್ಕೆ ಸಾಗಿಸಿದೆವು. ಬಡಿಗೇರರು ಬೆಣೆ ಸಡಿಲಿಸಿದರೆ ಸಾಕು, ತೊಲೆ ಇಡಿಯಾಗಿ ಕಳಚಿ ಬರುತ್ತಿತ್ತು. ಭಾರವೆಲ್ಲ ಕಂಬ ಮತ್ತು ದಪ್ಪ ಗೋಡೆಗಳ ಮೇಲಿದ್ದ ಆ ಮನೆಯಲ್ಲಿ ಮೊಳೆಗೆ ಹೆಚ್ಚಿನ ಕೆಲಸವಿರಲಿಲ್ಲ.

ಇಲ್ಲಿ ಅಮೆರಿಕದ ಮನೆ ಹಾಗಲ್ಲ. ಸಾಮಾನ್ಯವಾಗಿ 16 ಇಂಚಿಗೊಂದರಂತೆ ನಿಲ್ಲಿಸಿದ ಮರದ ಪಟ್ಟಿಗಳೇ ಗೋಡೆಯ ಅಸ್ಥಿ. ಅವುಗಳಿಗೆ ಸ್ಟಡ್ ಎನ್ನುತ್ತಾರೆ. ‘ಟು ಬೈ ಫೋರ್’ ಎಂದು ಮಾರುವ ಪಟ್ಟಿಯ ನಿಜವಾದ ಅಳತೆ ಒಂದೂವರೆ ಇಂಚು ಮತ್ತು ಮೂರೂವರೆ ಇಂಚು. ಇವುಗಳನ್ನೆಲ್ಲ ಒಂದಾಗಿ ಹಿಡಿದಿಡುವುದು ಮೊಳೆ.

ನಮ್ಮ ಅಂಗಡಿಗಳಲ್ಲಿ ‘ಮೂರು ಇಂಚಿನ ಮೊಳೆ ಅರ್ಧ ಕಿಲೊ’ ಎಂದು ಕೇಳಿದರೆ ಮುಗಿಯಿತು. ಇಲ್ಲಿ ಮೊಳೆಯ ಉದ್ದ ಹೇಳಲು ‘ಪೆನ್ನಿ’ ಎಂಬ ಹಳೆಯ ಲೆಕ್ಕವಿದೆ. ಮೋಸಹೋಗುವುದು ಇಲ್ಲೇ, ಏಕೆಂದರೆ 16 ಪೆನ್ನಿ ಎಂಬ ಒಂದೇ ಹೆಸರಿನಲ್ಲಿ ಮೂರು ಬೇರೆ ಮೊಳೆಗಳಿವೆ. ‘ಕಾಮನ್’ ಮೂರೂವರೆ ಇಂಚು ಉದ್ದ, 0.162 ಇಂಚು ದಪ್ಪ. ‘ಬಾಕ್ಸ್’ ಅಷ್ಟೇ ಉದ್ದ, ಆದರೆ ದಪ್ಪ 0.135 ಮಾತ್ರ. ‘ಸಿಂಕರ್’ ಮೂರೂಕಾಲು ಇಂಚು ಉದ್ದ, 0.148 ದಪ್ಪ. ಬಹುತೇಕ ರಾಜ್ಯಗಳು ತಮ್ಮ ತಿದ್ದುಪಡಿಗಳೊಂದಿಗೆ ಒಪ್ಪಿಕೊಂಡಿರುವ ಅಂತರರಾಷ್ಟ್ರೀಯ ವಸತಿ ಸಂಹಿತೆಯು (ಮನೆ ಕಟ್ಟುವ ನಿಯಮಾವಳಿ) ಸ್ಟಡ್‌ನ ತುದಿಗೆ, ಅದರ ಕೆಳಗೆ ಮಲಗಿಸಿದ ಅಡಿಪಟ್ಟಿಯ ಮೂಲಕ ನೇರವಾಗಿ ಹೊಡೆಯುವಾಗ ಕಾಮನ್ ಆದರೆ ಎರಡು, ಬಾಕ್ಸ್ ಆದರೆ ಮೂರು ಬೇಕೆನ್ನುತ್ತದೆ. ಮೊಳೆ ತೆಳುವಾದಷ್ಟೂ ಸಂಖ್ಯೆ ಹೆಚ್ಚಬೇಕು. ಗುತ್ತಿಗೆದಾರರನ್ನು ‘ಎಷ್ಟು ಉದ್ದ?’ ಎಂದು ಕೇಳಿ ಸುಮ್ಮನಾಗಬೇಡಿ, ದಪ್ಪವನ್ನೂ ಕೇಳಿ.

ಮೊಳೆಯ ಬದಲು ಡ್ರೈವಾಲ್ ಸ್ಕ್ರೂ (ಒಳಗೋಡೆಯ ಜಿಪ್ಸಂ ಹಲಗೆ ಕೂರಿಸುವ ಸ್ಕ್ರೂ) ಹಾಕುತ್ತೇನೆ ಎನ್ನುವವರನ್ನು ಖಂಡಿತ ತಡೆಯಿರಿ. ಆ ಸ್ಕ್ರೂ ಗಡುಸು, ಅಡ್ಡ ಹೊರೆ ಬಿದ್ದರೆ ಫಟ್ಟನೆ ಮುರಿಯುತ್ತದೆ. ಮೊಳೆ ಬಾಗುತ್ತದೆ, ಬಾಗಿಯೂ ಹಿಡಿದಿರುತ್ತದೆ. ಗಾಳಿ, ಭೂಕಂಪಗಳಲ್ಲಿ ಮನೆ ಉಳಿಯುವುದಕ್ಕೆ ಈ ಗುಣ ಬಹಳ ಮುಖ್ಯ.

ಹೊರಗೋಡೆಯಲ್ಲಿ ಸ್ಟಡ್‌ಗಳ ಮೇಲೆ ಹೊಡೆಯುವ ಪ್ಲೈವುಡ್‌ನಂಥ ಹಲಗೆಗಳಿಗೆ ಸಾಮಾನ್ಯವಾಗಿ ಅಂಚಿನಲ್ಲಿ 6 ಇಂಚಿಗೊಂದು, ನಡುವೆ 12 ಇಂಚಿಗೊಂದು ಮೊಳೆ. ಗಾಳಿ ಹೆಚ್ಚಿರುವ ಕಡೆ ಇನ್ನೂ ಒತ್ತೊತ್ತಾಗಿ. ಗಾಳಿಯ ಒತ್ತಡದಿಂದ ಮೊಳೆ ಹೊಡೆಯುವ ನೇಲ್ ಗನ್‌ನ ಒತ್ತಡ ಹೆಚ್ಚಾದರೆ ಮೊಳೆಯ ತಲೆ ಹಲಗೆಯನ್ನು ಸೀಳಿಕೊಂಡು ಒಳಹೋಗುತ್ತದೆ, ಹಿಡಿತ ಕಡಿಮೆಯಾಗುತ್ತದೆ. ತಲೆ ಹಲಗೆಯ ಮಟ್ಟಕ್ಕೇ ನಿಂತಿದೆಯೇ ಎಂದು ಬೆರಳಾಡಿಸಿ ನೋಡಬಹುದು.

ಇದನ್ನೆಲ್ಲ ನೋಡಲು ಸಿಗುವ ಕಾಲ ತೀರ ಚಿಕ್ಕದು. ಸ್ಥಳೀಯ ಕಟ್ಟಡ ಇಲಾಖೆಯ ಇನ್‌ಸ್ಪೆಕ್ಟರ್ ಚೌಕಟ್ಟನ್ನು ಪರಿಶೀಲಿಸಿ ಒಪ್ಪಿದ ಮೇಲೆ ಗೋಡೆ ಮುಚ್ಚುತ್ತಾರೆ, ಆಮೇಲೆ ಒಂದು ಮೊಳೆಯೂ ಕಾಣುವುದಿಲ್ಲ. ಮುಚ್ಚುವ ಮುನ್ನ ನಿಮ್ಮದೇ ಖರ್ಚಿನಲ್ಲಿ ಖಾಸಗಿ ಪರಿಶೀಲಕರನ್ನು ಕರೆತರುವ ಅವಕಾಶವನ್ನು ಕರಾರಿಗೆ ಸಹಿ ಹಾಕುವ ಮೊದಲೇ ಬರೆಸಿಕೊಳ್ಳಿ. ಗೋಡೆಗಳ ಫೋಟೊವನ್ನೂ ತೆಗೆದಿಟ್ಟುಕೊಳ್ಳಿ.

ಊರಿನಿಂದ ಬಂದ ಅಪ್ಪ-ಅವ್ವ ಸಂಜೆ ಕೂರುವ ಮರದ ಜಗಲಿ, ಅಂದರೆ ಡೆಕ್, ನನಗೆ ಎಲ್ಲಕ್ಕಿಂತ ಆತಂಕದ ಜಾಗ. ಡೆಕ್ಕನ್ನು ಮನೆಗೆ ಜೋಡಿಸುವ ಪಟ್ಟಿಯನ್ನು ಬರಿಯ ಮೊಳೆಯ ಮೇಲೆ ಬಿಡಬಾರದು, ಎಳೆತಕ್ಕೆ ಮೊಳೆ ಕಿತ್ತುಬರುತ್ತದೆ. ಅಲ್ಲಿ ಬೋಲ್ಟ್ ಅಥವಾ ಅದಕ್ಕೆಂದೇ ಮಾಡಿದ ದಪ್ಪ ಸ್ಕ್ರೂ ಬೇಕು. ಹುಳು ಹಿಡಿಯದಂತೆ ಔಷಧಿ ಹಾಕಿದ ಮರದಲ್ಲಿ 2004ರಿಂದೀಚೆಗೆ ತಾಮ್ರದ ಅಂಶ ಹೆಚ್ಚು, ಅದು ಸಾಧಾರಣ ಮೊಳೆಯನ್ನು ತಿಂದುಹಾಕುತ್ತದೆ. ಅಂಥ ಮರಕ್ಕೆ ಕರಗಿದ ಸತುವಿನಲ್ಲಿ ಅದ್ದಿದ ಮೊಳೆ ಅಥವಾ ಸ್ಟೇನ್‌ಲೆಸ್ ಸ್ಟೀಲ್ ಮೊಳೆಯನ್ನೇ ಕೇಳಿ, ಡಬ್ಬಿಯ ಮೇಲಿನ ಚೀಟಿಯನ್ನು ಓದಿಯೇ ಹೊಡೆಯಲು ಬಿಡಿ.