ಚೈನ್‌ಸಾಗೆ ಹೊಸ ಬಾರ್ ಹಾಕಿದಿರಾ? ಮರಕ್ಕೆ ಇಡುವ ಮೊದಲು ಎಣ್ಣೆ ನೋಡಿ

ಕಾಫಿ ತೋಟಗಳಲ್ಲಿ ಮರಗಸಿ (ನೆರಳಿನ ಮರಗಳ ಕೊಂಬೆ ಕಡಿಯುವ ಕೆಲಸ) ಶುರುವಾದರೆ ಚೈನ್‌ಸಾಗೆ ಬಿಡುವಿಲ್ಲ. ಮಳೆ ಹಿಡಿದ ಮೇಲಂತೂ ಗಾಳಿಗೆ ಉರುಳಿದ ಸಿಲ್ವರ್ ಓಕ್ ಒಂದಲ್ಲ ಒಂದು ಕಡೆ ದಾರಿಗೆ ಅಡ್ಡ ಬಿದ್ದಿರುತ್ತದೆ. ಸವೆದ ಬಾರ್ (ಚೈನ್ ಸುತ್ತಿ ಓಡುವ ಉದ್ದನೆಯ ಉಕ್ಕಿನ ಪಟ್ಟಿ) ಬದಲಾಯಿಸುವ ಕೆಲಸ ಬರುವುದೂ ಇಂಥ ಅವಸರದಲ್ಲೇ. ಅಂಗಡಿಯಿಂದ ತಂದು, ನಟ್ ಬಿಗಿದು, ನೇರ ಮರದ ಬುಡಕ್ಕೆ ಹೋಗುವವರೇ ಹೆಚ್ಚು. ಸಂಜೆ ನೋಡಿದರೆ ಹೊಸ ಬಾರ್‌ನ ಅಂಚು ನೀಲಿಗಟ್ಟಿರುತ್ತದೆ. ಎಣ್ಣೆ ಸಿಗದೆ ಕಾದ ಉಕ್ಕಿನ ಬಣ್ಣ ಅದು. ಹಾಗಾದಾಗ ಬಾರ್ ಕಳಪೆ ಎನ್ನುತ್ತೇವೆ. ಆದರೆ ಮೊದಲು ನೋಡಬೇಕಾದದ್ದು ಬಾರ್‌ನ ಹಿಂಬದಿಯಲ್ಲಿರುವ ಒಂದು ಸಣ್ಣ ತೂತನ್ನು.

ಎಣ್ಣೆ ಬರುವ ದಾರಿ ಹೀಗಿದೆ: ಟ್ಯಾಂಕ್‌ನ ಎಣ್ಣೆಯನ್ನು ಪಂಪ್ ಎಳೆದು, ಬಾರ್ ಕೂರುವ ಜಾಗದಲ್ಲಿರುವ ಕಿಂಡಿಗೆ ತರುತ್ತದೆ. ಅಲ್ಲಿಂದ ಬಾರ್‌ನ ತೂತಿಗೆ, ತೂತಿನಿಂದ ಬಾರ್ ಅಂಚಿನ ಸೀಳಿಗೆ. ಸೀಳಿನೊಳಗೆ ಓಡುವ ಚೈನ್‌ನ ಕೆಳಹಲ್ಲುಗಳು ಆ ಎಣ್ಣೆಯನ್ನು ಬಾರ್‌ನ ಮೂತಿವರೆಗೂ ಎಳೆದೊಯ್ಯುತ್ತವೆ. ಮೆಷಿನ್‌ನ ಕಿಂಡಿಯೂ ಬಾರ್‌ನ ತೂತೂ ಎದುರುಬದುರಾಗದಿದ್ದರೆ ಎಣ್ಣೆಯೆಲ್ಲ ಕವರ್‌ನೊಳಗೇ ಸುರಿದು, ಕೆಳಗೆ ತೊಟ್ಟಿಕ್ಕುತ್ತದೆ. ಮೆಷಿನ್‌ನ ಅಡಿ ಎಣ್ಣೆಮಯ, ಚೈನ್ ಮಾತ್ರ ಒಣಗಿದೆ ಎಂದರೆ ಅನುಮಾನ ಮೊದಲು ಇದರ ಮೇಲೆಯೇ ಇರಲಿ.

ಆದ್ದರಿಂದ ಪರೀಕ್ಷೆ ಅಂಗಡಿಯಲ್ಲೇ ಆರಂಭವಾಗಬೇಕು. ಹಳೆಯ ಬಾರ್ ಜೊತೆಗೇ ಒಯ್ಯಿರಿ. ಎರಡನ್ನೂ ಒಂದರ ಮೇಲೊಂದು ಇಟ್ಟು, ಬೋಲ್ಟ್ ಕೂರುವ ಉದ್ದನೆಯ ಸೀಳು, ಚೈನ್ ಬಿಗಿಮಾಡುವ ಪಿನ್ನಿನ ತೂತು, ಎಣ್ಣೆಯ ತೂತು ಮೂರೂ ಸರಿಹೊಂದುತ್ತವೆಯೇ ನೋಡಿ. ಇಂಚಿನ ಲೆಕ್ಕದಲ್ಲಿ ಉದ್ದ ಒಂದೇ ಇದ್ದ ಮಾತ್ರಕ್ಕೆ ಬಾರ್ ನಿಮ್ಮ ಮೆಷಿನ್‌ನದು ಎಂದಾಗುವುದಿಲ್ಲ. ಸೀಳಿನ ಅಗಲವೂ ಮುಖ್ಯ. 1.3, 1.5, 1.6 ಮಿಲಿಮೀಟರ್ ಹೀಗೆ ಬೇರೆ ಬೇರೆ ಅಳತೆಗಳಿವೆ, ಚೈನ್‌ನದೂ ಅದೇ ಅಳತೆ ಇರಬೇಕು. ಸೀಳು ಅಗಲವಾಗಿ ಚೈನ್ ತೆಳುವಾದರೆ ಚೈನ್ ಅತ್ತಿತ್ತ ವಾಲುತ್ತದೆ, ಕೊಯ್ತ ಸೊಟ್ಟಗಾಗುತ್ತದೆ.

ಬಿಚ್ಚುವ ಮೊದಲು ಎಂಜಿನ್ ನಿಲ್ಲಿಸಿ, ತಣ್ಣಗಾಗಲು ಬಿಡಿ. ಸ್ಪಾರ್ಕ್ ಪ್ಲಗ್‌ನ ಕ್ಯಾಪ್ ಎಳೆದಿಡಿ, ಕೈಗೆ ಗ್ಲೌಸ್ ಹಾಕಿ. ಚೈನ್ ಬ್ರೇಕ್ ಬಿಡಿಸಿದ ಮೇಲೆಯೇ ಕವರ್ ತೆಗೆಯಿರಿ. ಒಳಗೆ ಎಣ್ಣೆ ಕುಡಿದ ಮರದ ಪುಡಿ ಗಟ್ಟಿಯಾಗಿ ಅಂಟಿಕೊಂಡಿರುತ್ತದೆ. ಅದನ್ನು ಬ್ರಶ್‌ನಿಂದ ಕೆರೆದು, ಎಣ್ಣೆಯ ಕಿಂಡಿಯನ್ನು ಬಟ್ಟೆಯಿಂದ ಒರೆಸಿ. ಕಿಂಡಿಯೊಳಗೆ ಪುಡಿ ತಳ್ಳಬೇಡಿ. ಬಾರ್ ಹಿಂದೆ ತೆಳ್ಳನೆಯ ತಗಡು ಇರುವ ಮಾಡೆಲ್ ಆದರೆ ಅದು ಇದ್ದ ಜಾಗದಲ್ಲೇ, ಇದ್ದ ಹಾಗೇ ಕೂರಬೇಕು. ತಗಡು ಸ್ವಲ್ಪ ಸರಿದರೂ ಎಣ್ಣೆಯ ದಾರಿ ಮುಚ್ಚಬಹುದು.

ಹೊಸ ಬಾರ್ ಎಂದಾಕ್ಷಣ ತೂತು ಶುದ್ಧವಾಗಿದೆ ಎಂದುಕೊಳ್ಳಬೇಡಿ. ಬಣ್ಣ ತುಂಬಿರಬಹುದು, ಅಂಚಿನಲ್ಲಿ ಲೋಹದ ಮುಳ್ಳು ಉಳಿದಿರಬಹುದು. ಬೆಳಕಿಗೆ ಹಿಡಿದು ನೋಡಿ, ತೆಳು ತಂತಿ ತೂರಿಸಿ ತೆಗೆಯಿರಿ, ಗಾಳಿ ಊದಿ. ಜೊತೆಗೆ ಸ್ಪ್ರಾಕೆಟ್ (ಚೈನ್ ತಿರುಗಿಸುವ ಹಲ್ಲುಚಕ್ರ) ಮೇಲೂ ಕಣ್ಣಾಡಿಸಿ. ಚೈನ್ ಕೂರುವ ಜಾಗದಲ್ಲಿ ಆಳವಾದ ಗುಂಡಿ ಬಿದ್ದಿದ್ದರೆ ಅದನ್ನೂ ಬದಲಾಯಿಸಿ, ಇಲ್ಲದಿದ್ದರೆ ಹೊಸ ಚೈನ್ ಬೇಗ ಹಾಳಾಗುತ್ತದೆ. ಹೊಸ ಚೈನನ್ನು ಹಿಂದಿನ ರಾತ್ರಿಯೇ ಬಾರ್ ಆಯಿಲ್‌ನಲ್ಲಿ ಮುಳುಗಿಸಿಟ್ಟರೆ ಕೀಲುಗಳೊಳಗೆ ಎಣ್ಣೆ ಇಳಿದಿರುತ್ತದೆ.

ಬಾರ್ ಕೂರಿಸುವಾಗ ಪಿನ್ ತನ್ನ ತೂತಿನೊಳಗೆ ಇಳಿದಿದೆಯೇ ನೋಡಿ. ಬಾರ್‌ನ ಮೂತಿಯನ್ನು ಮೇಲಕ್ಕೆತ್ತಿ ಹಿಡಿದೇ ಚೈನ್ ಬಿಗಿಮಾಡಿ, ಆಮೇಲೆ ನಟ್ ಬಿಗಿಯಿರಿ. ಕೈಯಿಂದ ಎಳೆದರೆ ಚೈನ್ ಸರಾಗವಾಗಿ ಓಡಬೇಕು, ಕೆಳಗೆ ಜೋತು ಬೀಳಬಾರದು. ಅತಿ ಬಿಗಿಯಾದರೆ ಎಣ್ಣೆ ಇದ್ದೂ ಕಾಯುತ್ತದೆ.

ಈಗ ನಿಜವಾದ ಪರೀಕ್ಷೆ. ಇದನ್ನು ಯಾವ ಕಾರಣಕ್ಕೂ ಬಿಡಬೇಡಿ. ಪ್ಲಗ್‌ನ ಕ್ಯಾಪ್ ಮತ್ತೆ ಹಾಕಿ, ಎರಡೂ ಟ್ಯಾಂಕ್ ತುಂಬಿಸಿ. ನೆಲದ ಮೇಲೆ ಬಿಳಿ ರಟ್ಟು ಹಾಸಿ. ಎಂಜಿನ್ ಚಾಲೂ ಮಾಡಿ, ಬಾರ್‌ನ ಮೂತಿಯನ್ನು ರಟ್ಟಿನಿಂದ ಸುಮಾರು 20 ಸೆಂಟಿಮೀಟರ್ ಮೇಲೆ ಹಿಡಿದು, ಮುಕ್ಕಾಲು ಥ್ರಾಟಲ್‌ನಲ್ಲಿ ಓಡಿಸಿ. ಒಂದು ನಿಮಿಷದೊಳಗೆ ರಟ್ಟಿನ ಮೇಲೆ ಎಣ್ಣೆಯ ಗೆರೆ ಎದ್ದು ಕಾಣಬೇಕು. ಚೈನ್ ನೆಲಕ್ಕೆ ತಾಗಕೂಡದು, ಹತ್ತಿರ ಯಾರೂ ಇರಕೂಡದು. ಐಡಲ್‌ನಲ್ಲಿಟ್ಟು ಎಣ್ಣೆ ಬರಲಿಲ್ಲ ಎಂದು ಗಾಬರಿಯಾಗಬೇಡಿ. ಎಷ್ಟೋ ಮೆಷಿನ್‌ಗಳಲ್ಲಿ ಚೈನ್ ತಿರುಗಿದರೆ ಮಾತ್ರ ಪಂಪ್ ತಿರುಗುತ್ತದೆ.

ಗೆರೆ ಬೀಳಲಿಲ್ಲವೇ? ಮೆಷಿನ್ ಆರಿಸಿ, ಬಾರ್ ಮತ್ತೆ ಬಿಚ್ಚಿ, ತೂತು ಮತ್ತು ಕಿಂಡಿ ನೋಡಿ. ಅವು ಸರಿಯಿದ್ದರೆ ಟ್ಯಾಂಕ್‌ನೊಳಗಿನ ಜಾಲರಿ ಕಟ್ಟಿರಬಹುದು. ಮೊದಲು ಬಂದ ಎಣ್ಣೆ ಸ್ವಲ್ಪ ಹೊತ್ತಿಗೆ ನಿಂತರೆ, ಮುಚ್ಚಳ ತೆರೆದಾಗ ಗಾಳಿ ಒಳಗೆಳೆದ ಸದ್ದಾದರೆ, ಟ್ಯಾಂಕ್‌ಗೆ ಗಾಳಿ ಹೋಗುವ ದಾರಿ ಮುಚ್ಚಿದೆ ಎಂದರ್ಥ. ಗೆರೆ ತೀರಾ ತೆಳುವಾಗಿದ್ದರೆ, ಎಣ್ಣೆ ಹೆಚ್ಚುಕಡಿಮೆ ಮಾಡುವ ಸ್ಕ್ರೂ ಇರುವ ಮಾಡೆಲ್‌ಗಳಲ್ಲಿ ಅದನ್ನು ತಿರುಗಿಸಿ ನೋಡಬಹುದು. ಕವರ್ ತೆಗೆದು ಎಂಜಿನ್ ಓಡಿಸಿ ಪಂಪ್ ಪರೀಕ್ಷಿಸುವುದನ್ನು ಮೆಕ್ಯಾನಿಕ್‌ಗೆ ಬಿಡಿ. ತಿರುಗುವ ಕ್ಲಚ್ ಹತ್ತಿರ ಕೈ ಹೋಗುವುದು ಬೇಡ.

ಎಣ್ಣೆ ಯಾವುದು ಎಂಬುದನ್ನೂ ಹೇಳಲೇಬೇಕು. ಜೀಪಿನಿಂದ ಇಳಿಸಿದ ಸುಟ್ಟ ಆಯಿಲ್ ಹಾಕುವ ರೂಢಿ ನಮ್ಮಲ್ಲಿದೆ. ದಯವಿಟ್ಟು ಬೇಡ. ಅದರಲ್ಲಿರುವ ಲೋಹದ ಕಣಗಳು ಪಂಪ್ ಸವೆಸುತ್ತವೆ. ಚೈನ್‌ನಿಂದ ಸಿಡಿಯುವ ಹನಿಗಳು ಕೆಲಸ ಮಾಡುವವರ ಚರ್ಮಕ್ಕೆ ತಾಗುತ್ತವೆ, ಉಸಿರಿಗೂ ಸೇರುತ್ತವೆ. ಬಳಸಿದ ಎಂಜಿನ್ ಆಯಿಲ್‌ನಲ್ಲಿ ಕ್ಯಾನ್ಸರ್‌ಕಾರಕ ವಸ್ತುಗಳಿರುತ್ತವೆ. ಹಾಕಿದ ಎಣ್ಣೆಯೆಲ್ಲ ಕೊನೆಗೆ ಹೋಗುವುದು ನಮ್ಮದೇ ಮಣ್ಣಿಗೆ, ಹಳ್ಳಕ್ಕೆ. ತೆಂಗಿನೆಣ್ಣೆಯೂ ಆಗದು: 24 ಡಿಗ್ರಿಗಿಂತ ಕೆಳಗೆ ಅದು ಹೆಪ್ಪುಗಟ್ಟುತ್ತದೆ, ಮಲೆನಾಡಿನ ಬೆಳಗಿನಲ್ಲಿ ಪಂಪ್ ಅದನ್ನು ಎಳೆಯಲಾರದು. ಬಾರ್ ಆಯಿಲ್ ಎಂದೇ ಮಾರುವ ಎಣ್ಣೆಗೆ ಅಂಟುಗುಣವಿದೆ, ಓಡುವ ಚೈನ್ ಮೇಲೆ ಅದು ನಿಲ್ಲುತ್ತದೆ.

ಕೆಲಸ ಶುರುವಾದ ಮೇಲೆ ಪ್ರತಿ ಬಾರಿ ಪೆಟ್ರೋಲ್ ಮುಗಿದಾಗ ಎಣ್ಣೆ ಟ್ಯಾಂಕನ್ನೂ ತೆರೆದು ನೋಡಿ. ಅದರಲ್ಲಿ ಸ್ವಲ್ಪವೇ ಉಳಿದಿರಬೇಕು. ತುಂಬಿದಷ್ಟೂ ಹಾಗೇ ಇದ್ದರೆ ಅಲ್ಲಿಗೇ ನಿಲ್ಲಿಸಿ. ಹೊಸ ಚೈನ್ ಮೊದಲ ದಿನ ಹಿಗ್ಗುತ್ತದೆ, ತಣ್ಣಗಾದಾಗ ಆಗಾಗ ಬಿಗಿ ನೋಡುತ್ತಿರಿ. ಚೈನ್ ಅರ ಹಾಕಿದಾಗಲೆಲ್ಲ ಬಾರ್ ಮಗುಚಿ ಹಾಕಿದರೆ ಎರಡೂ ಅಂಚು ಸಮನಾಗಿ ಸವೆಯುತ್ತವೆ. ಮಗುಚಿದಾಗ ಇನ್ನೊಂದು ಬದಿಯ ತೂತು ಕೆಲಸಕ್ಕೆ ಬರುತ್ತದೆ, ಅದಕ್ಕೂ ಒಮ್ಮೆ ತಂತಿ ಆಡಿಸಿಯೇ ಕೂರಿಸಿ.