ಮಹಾಬಲೇಶ್ವರದ ಕಪ್ಪು ಕಲ್ಲಿನಲ್ಲಿ ಹಳೆಯ ದಿಕ್ಕು ಹುಡುಕಿದ್ದು

ಬೀದರ್, ಕಲಬುರಗಿ ಕಡೆಯವರಿಗೆ ಡೆಕ್ಕನ್ ಟ್ರ್ಯಾಪ್‌ನ, ಅಂದರೆ ದಖ್ಖನ್‌ನಲ್ಲಿ ಹರಿದು ಗಟ್ಟಿಯಾದ ಲಾವಾದ, ಕಪ್ಪು ಕಲ್ಲು ಹೊಸದಲ್ಲ. ಆದರೆ ಲಾವಾ ಪದರಗಳು ಒಂದರ ಮೇಲೊಂದು ಎತ್ತರಕ್ಕೆ ಕೂತಿರುವುದನ್ನು ನೋಡಬೇಕಾದರೆ ಮಹಾಬಲೇಶ್ವರದ ಘಾಟಿಗೇ ಹೋಗಬೇಕು. ಹಳೆಯ ಕಾಲದ ಭೂಮಿಯ ಕಾಂತಕ್ಷೇತ್ರದ ದಿಕ್ಕು ಹುಡುಕಲು ನಾನು ಕಲ್ಲು ಕೊರೆದದ್ದು ಅಲ್ಲಿಯೇ. ಈ ಲಾವಾ ಹರಿದದ್ದು ಸುಮಾರು 6.6 ಕೋಟಿ ವರ್ಷಗಳ ಹಿಂದೆ. ಅದು 580 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಆರುತ್ತಾ ಹೋದಂತೆ ಒಳಗಿನ ಮ್ಯಾಗ್ನೆಟೈಟ್ ಎಂಬ ಕಬ್ಬಿಣದ ಖನಿಜದ ಹರಳುಗಳು ಆಗಿನ ಕಾಂತಕ್ಷೇತ್ರದ ದಿಕ್ಕನ್ನು ಹಿಡಿದಿಟ್ಟುಕೊಂಡವು.

ಜಾಗ ಆರಿಸುವುದೇ ಅರ್ಧ ಕೆಲಸ. ಗುಡ್ಡದ ನೆತ್ತಿಗೆ ನಾನು ಹೋಗುವುದಿಲ್ಲ. ಅಲ್ಲಿ ಸಿಡಿಲು ಹೊಡೆದು ಕಲ್ಲಿನ ಹಳೆಯ ಕಾಂತತೆ ಕೆಟ್ಟಿರುತ್ತದೆ. ರಸ್ತೆಗೆಂದು ಕಡಿದ ಗೋಡೆ, ಕಲ್ಲು ಕ್ವಾರಿ ಒಳ್ಳೆಯದು. ಅಲ್ಲೂ ಪದರದ ನಡುವಿನ ಗಟ್ಟಿ, ಸಣ್ಣ ಕಣದ ಕಲ್ಲೇ ಬೇಕು. ಗುಳ್ಳೆಗಳಲ್ಲಿ ಬಿಳಿ ಖನಿಜ ತುಂಬಿದ ಮೇಲ್ಭಾಗ ಬೇಡ.

ಪೆಟ್ರೋಲ್ ಡ್ರಿಲ್‌ಗೆ ವಜ್ರದ ಬಿಟ್ ಹಾಕಿ, ನೀರು ಬಿಡುತ್ತಾ 2.5 ಸೆಂಟಿಮೀಟರ್ ಅಡ್ಡಳತೆಯ ಕೋರ್ (ಉರುಳೆಯಾಕಾರದ ಕಲ್ಲಿನ ತುಂಡು) ಕೊರೆಯುತ್ತೇವೆ. ಅದನ್ನು ಮುರಿದು ತೆಗೆಯುವ ಮೊದಲೇ ಅದು ಯಾವ ದಿಕ್ಕಿಗಿದೆ, ಎಷ್ಟು ಓರೆಯಾಗಿದೆ ಎಂದು ಬರೆದುಕೊಳ್ಳಬೇಕು. ಈ ಕಲ್ಲಿನ ಹತ್ತಿರ ಸಾಮಾನ್ಯ ದಿಕ್ಸೂಚಿಯನ್ನು ಪೂರ್ತಿ ನಂಬುವಂತಿಲ್ಲ, ಕಲ್ಲೇ ಮುಳ್ಳನ್ನು ಎಳೆಯುತ್ತದೆ. ಅದಕ್ಕೇ ಸೂರ್ಯನ ನೆರಳು ಹಿಡಿಯುತ್ತೇವೆ. ನೆರಳಿನ ಕೋನ, ತಾರೀಕು, ಸಮಯ, ಅಕ್ಷಾಂಶ, ರೇಖಾಂಶ ಗೊತ್ತಿದ್ದರೆ ನಿಜವಾದ ಉತ್ತರ ದಿಕ್ಕು ಸಿಗುತ್ತದೆ. ಚಳಿಗಾಲದ ಬೆಳಗ್ಗೆ ಇದಕ್ಕೆ ತುಂಬಾ ಅನುಕೂಲ. ಬೇಸಿಗೆಯ ನಡುಹಗಲಲ್ಲಿ ಸೂರ್ಯ ನೆತ್ತಿಯ ಮೇಲೆ ಬಂದರೆ ನೆರಳೇ ಇರುವುದಿಲ್ಲ, ಅಲ್ವಾ?

ಲ್ಯಾಬ್‌ನಲ್ಲಿ ಮೊದಲ ಅಳತೆಗೆ ನಾನು ಜಾಸ್ತಿ ಬೆಲೆ ಕೊಡುವುದಿಲ್ಲ. ಹಳೆಯ ಕಾಂತತೆಯ ಮೇಲೆ ಇಂದಿನ ಕ್ಷೇತ್ರದ್ದೂ ಕೂತಿರುತ್ತದೆ. ಈರುಳ್ಳಿ ಸುಲಿದ ಹಾಗೆ ಅದನ್ನು ಪದರ ಪದರವಾಗಿ ತೆಗೆಯಬೇಕು. ಕೆಲವು ತುಂಡುಗಳನ್ನು ಹೊರಗಿನ ಕ್ಷೇತ್ರ ತಾಗದ ಒಲೆಯಲ್ಲಿ ಹಂತಹಂತವಾಗಿ ಕಾಯಿಸುತ್ತೇವೆ. ಉಳಿದವನ್ನು ಹಿಂದೆ ಮುಂದೆ ತಿರುಗುವ ಕಾಂತಕ್ಷೇತ್ರದಲ್ಲಿಟ್ಟು, ಅದರ ಬಲವನ್ನು 100 ಮಿಲಿಟೆಸ್ಲಾವರೆಗೆ ಏರಿಸುತ್ತೇವೆ. ಪ್ರತಿ ಹಂತದಲ್ಲೂ ಅಳತೆ. ಈ ಅಳತೆಗಳನ್ನು ನಕ್ಷೆಯಲ್ಲಿ ಗುರುತಿಸಿದಾಗ ಕೊನೆಕೊನೆಗೆ ಬಿಂದುಗಳು ನೇರ ಗೆರೆಯಾಗಿ ಸೊನ್ನೆಯ ಕಡೆಗೆ ಬಂದರೆ ಮಾತ್ರ ಆ ದಿಕ್ಕನ್ನು ಒಪ್ಪುತ್ತೇನೆ. ಪಕ್ಕಪಕ್ಕದ ಕೋರ್‌ಗಳು ಬೇರೆ ಬೇರೆ ದಿಕ್ಕು ತೋರಿಸಿ, ಕಾಂತತೆಯೂ ವಿಪರೀತ ಜೋರಾಗಿದ್ದರೆ ಸಿಡಿಲಿನ ಅನುಮಾನ.

ಹೀಗೆ ಶುದ್ಧವಾದ ಬಹಳಷ್ಟು ಪದರಗಳು ದಕ್ಷಿಣ-ಆಗ್ನೇಯಕ್ಕೆ, ಕೆಳಮುಖವಾಗಿ ಸುಮಾರು 45 ಡಿಗ್ರಿ ಬಾಗಿದ ದಿಕ್ಕು ಕೊಟ್ಟವು. ಆಗ ಭೂಮಿಯ ಕಾಂತಕ್ಷೇತ್ರ ಉಲ್ಟಾ ಇತ್ತು ಎಂದರ್ಥ. ಉಲ್ಟಾ ಕ್ಷೇತ್ರ ಕೆಳಮುಖವಾಗಿರುವುದು ದಕ್ಷಿಣಾರ್ಧಗೋಳದಲ್ಲಿ. ಬಾಗಿದ ಕೋನದ ಟ್ಯಾಂಜೆಂಟ್ ಅಕ್ಷಾಂಶದ ಟ್ಯಾಂಜೆಂಟ್‌ನ ಎರಡರಷ್ಟು. ಲೆಕ್ಕ ಹಾಕಿದರೆ ಆಗಿನ ಅಕ್ಷಾಂಶ ಸುಮಾರು 27 ಡಿಗ್ರಿ ಬರುತ್ತದೆ, ಅದೂ ಸಮಭಾಜಕದ ದಕ್ಷಿಣಕ್ಕೆ! ಇಂದು ಅದೇ ಕಲ್ಲು 18 ಡಿಗ್ರಿ ಉತ್ತರದಲ್ಲಿದೆ. 1950ರ ದಶಕದಲ್ಲೇ ಬ್ರಿಟಿಷ್ ಭೌತವಿಜ್ಞಾನಿ ಬ್ಲ್ಯಾಕೆಟ್ ಅವರ ತಂಡ ಡೆಕ್ಕನ್ ಕಲ್ಲುಗಳನ್ನು ಅಳೆದು ಭಾರತ ಉತ್ತರಕ್ಕೆ ಸರಿದಿದೆ ಎಂದು ತೋರಿಸಿತ್ತು. ಗೊತ್ತಿದ್ದ ವಿಷಯವೇ ಆದರೂ ನಾನೇ ಕೊರೆದ ಕಲ್ಲಿನಿಂದ ಆ ಸಂಖ್ಯೆ ಬಂದಾಗ ಆದ ಖುಷಿಯೇ ಬೇರೆ.

ಪದರಗಳ ಎಣಿಕೆಯಲ್ಲಿ ಎಚ್ಚರ ಬೇಕು. ಒಂದು ಪದರ ಒಂದು ಕ್ಷಣದ ಕ್ಷೇತ್ರವನ್ನಷ್ಟೇ ಹೇಳುತ್ತದೆ. ಕ್ಷೇತ್ರ ಅಲುಗಾಡುತ್ತಲೇ ಇರುವುದರಿಂದ ಹಲವು ಪದರಗಳ ಸರಾಸರಿ ಬೇಕು. ಮೇಲಿಂದ ಮೇಲೆ ಬೇಗಬೇಗ ಹರಿದ ಪದರಗಳು ಒಂದೇ ದಿಕ್ಕು ತೋರಿಸುತ್ತವೆ. ಅಂಥವನ್ನು ನಾನು ಒಟ್ಟು ಸೇರಿಸಿ ಒಂದೇ ಅಂತ ಎಣಿಸುತ್ತೇನೆ. ಸರಾಸರಿಗೆ ಸುಮ್ನೆ ಪದರಗಳ ಸಂಖ್ಯೆ ಹೆಚ್ಚಿಸಿ ಪ್ರಯೋಜನವಿಲ್ಲ.