ಲೋಟ, ಚಮಚ, ಚಮಚ: ಪುಟ್ಟ ಮಕ್ಕಳಿಗೆ ಪ್ಯಾಟರ್ನ್ ಕಲಿಸುವುದು ಹೇಗೆ?

"ಲೋಟ, ಚಮಚ. ಹೇಳು ಪುಟ್ಟಾ, ಮುಂದೇನು?" ಮಗು "ತಟ್ಟೆ" ಎನ್ನುತ್ತದೆ. "ತಪ್ಪು" ಎಂದುಬಿಡುತ್ತಾರೆ ಅಪ್ಪ ಅಮ್ಮ. ಇದನ್ನು ಎಷ್ಟು ಮನೆಗಳಲ್ಲಿ ನೋಡಿದ್ದೇನೋ. ಮಗುವಿನದು ತಪ್ಪೇ ಅಲ್ಲ. ಎರಡೇ ವಸ್ತು ಕಂಡರೆ ಮೂರನೆಯದು ಏನು ಬೇಕಾದರೂ ಆಗಬಹುದು, ಅಲ್ವಾ? ಒಂದು ತುಂಡು ಮತ್ತೆ ಮತ್ತೆ ಬಂದರೆ ಅದು ಪ್ಯಾಟರ್ನ್. ಆ ತುಂಡು ಮಗುವಿನ ಕಣ್ಣಿಗೆ ಬೀಳಬೇಕು.

ಮೊದಲು ಸಾಮಾನು. ಒಂದೇ ಥರದ 6 ಲೋಟ, 12 ಚಮಚ ಸಾಕು. ದೊಡ್ಡದು, ಚಿಕ್ಕದು, ಬಣ್ಣದ್ದು ಎಲ್ಲ ಬೆರೆಸಬೇಡಿ. ಯಾವುದನ್ನು ಗಮನಿಸಬೇಕೆಂದೇ ಮಗುವಿಗೆ ತಿಳಿಯುವುದಿಲ್ಲ. 3 ವರ್ಷದೊಳಗಿನ ಮಕ್ಕಳ ಕೈಗೆ ಹುಣಸೆ ಬೀಜ, ಅವರೆಕಾಳು, ಅಂಗಿಯ ಗುಂಡಿ ಕೊಡಲೇಬೇಡಿ. ಬಾಯಿಗೋ ಮೂಗಿಗೋ ಹೋಗುತ್ತದೆ. ಇದಕ್ಕೆಂದೇ ಮಾರುವ ಪ್ಲಾಸ್ಟಿಕ್ ಕಿಟ್ ಒಂದನ್ನು ನಾನೂ ತಂದಿದ್ದೆ. ವಾರದಲ್ಲೇ ಬಣ್ಣ ಕಿತ್ತುಬಂತು. ದುಡ್ಡು ಹಾಕಬೇಡಿ.

ಲೋಟ, ಚಮಚ, ಲೋಟ, ಚಮಚ ಎಂದು ಜೋಡಿಸಿ ಒಂದೆರಡು ದಿನ ಆಡಿ. ಇದು ಬೇಗ ಬರುತ್ತದೆ.

ಎಡವುವುದು ಮುಂದಿನ ಹಂತದಲ್ಲಿ. ಲೋಟ, ಚಮಚ, ಚಮಚ. ಈ ತುಂಡನ್ನು 3 ಸಲ ಪೂರ್ತಿ ಜೋಡಿಸಿ ತೋರಿಸಿ, ಕಡಿಮೆ ಬೇಡ. ಜೋಡಿಸುವಾಗ ಜೋರಾಗಿ ಹೇಳಿ: "ಢಂ, ಟಕ್, ಟಕ್." ಆದರೂ ಎಷ್ಟೋ ಮಕ್ಕಳು ಲೋಟ, ಚಮಚ, ಲೋಟ, ಚಮಚ ಎಂದು ಹಳೆಯದಕ್ಕೇ ಜಾರುತ್ತಾರೆ. ಆಗ ಕೈಹಾಕಿ ಸರಿಮಾಡಬೇಡಿ. ಮೊದಲಿನಿಂದ ಬೆರಳಿಟ್ಟು ಇಬ್ಬರೂ ಒಟ್ಟಿಗೆ ಓದಿ. ತಪ್ಪಿದ ಜಾಗದಲ್ಲಿ ನಾಲಿಗೆಯೇ ತಡೆಯುತ್ತದೆ, ಮಗುವೇ ಚಮಚ ತಂದಿಡುತ್ತದೆ. ಆಮೇಲೂ ಕಷ್ಟವಾದರೆ ಪ್ರತಿ ತುಂಡನ್ನೂ ಒಂದೊಂದು ತಟ್ಟೆಯಲ್ಲಿಡಿ. "ಎಲ್ಲ ತಟ್ಟೆಯಲ್ಲೂ ಒಂದೇ ಥರ ಇದೆಯಾ?" ಎಂದು ಕೇಳಿ. ನಂತರ ತಟ್ಟೆ ತೆಗೆದುಬಿಡಿ.

ಇನ್ನೊಂದು ವಿಷಯ. ಸಾಲನ್ನು ಯಾವಾಗಲೂ ತುಂಡು ಮುಗಿದ ಕಡೆಯೇ ನಿಲ್ಲಿಸಬೇಡಿ. ಹಾಗೆ ಮಾಡಿದರೆ ಮಗು ಸುಮ್ನೆ ಮೊದಲಿನಿಂದ ಶುರುಮಾಡುತ್ತದೆ. ನಡುವೆ ನಿಲ್ಲಿಸಿ, ಇಲ್ಲವೇ ಒಂದು ಚಮಚ ಬಚ್ಚಿಟ್ಟು "ಇಲ್ಲಿ ಏನಿತ್ತು?" ಎಂದು ಕೇಳಿ. ಮಗುವಿಗೆ ಎಷ್ಟು ಅರ್ಥವಾಗಿದೆ ಎನ್ನುವುದು ಆಗಲೇ ತಿಳಿಯುತ್ತದೆ.

ಇದು ಬಂದ ಮೇಲೆ ವಸ್ತು ಬದಲಿಸಿ, ತುಂಡು ಅದೇ ಇರಲಿ. ಗಾಂಧಿ ಬಜಾರಿನಿಂದ ಬಿಡಿ ಹೂ ತಂದು ಒಂದು ಕನಕಾಂಬರ, ಎರಡು ಮಲ್ಲಿಗೆ ಎಂದು ಸಾಲಾಗಿಡಿ. ಬಳಿಕ ಒಂದು ಚಪ್ಪಾಳೆ, ಎರಡು ತೊಡೆತಟ್ಟು. "ಇದು ನಮ್ಮ ಲೋಟದ್ದೇ!" ಎಂದು ಮಗು ತಾನಾಗಿ ಹೇಳಿದರೆ ಕಲಿತಿದೆ ಎಂದೇ ಅರ್ಥ. ಫೋನಿನ ಆಟದಲ್ಲಿ ಇದು ಸಿಗುವುದಿಲ್ಲ. ಸುಮ್ನೆ ಒತ್ತುತ್ತಾ ಹೋದರೂ ಅಲ್ಲಿ ಚಪ್ಪಾಳೆ ಬೀಳುತ್ತದೆ.

ಚುಕ್ಕಿ ರಂಗೋಲಿಗೆ ಅವಸರ ಬೇಡ. 1, 3, 5, 7 ಎಂದು ಚುಕ್ಕಿ ಏರಿ, ಮತ್ತೆ 5, 3, 1 ಎಂದು ಇಳಿಯುತ್ತದೆ. ಅಲ್ಲಿ ಸಾಲು ಬೆಳೆಯುತ್ತದೆ, ತುಂಡು ಮರಳಿ ಬರುವುದಿಲ್ಲ. ಅದು ಬೇರೆಯೇ ಲೆಕ್ಕ, ಒಂದೆರಡು ತಿಂಗಳು ಬಿಟ್ಟು ಶುರುಮಾಡಿ. ಅಲ್ಲಿಯವರೆಗೆ ಬೆಳಿಗ್ಗೆ ಬಾಗಿಲಲ್ಲಿ ನೀವು ಚುಕ್ಕಿ ಇಡುವಾಗ ಮಗು ಪಕ್ಕದಲ್ಲಿ ಕುಳಿತು ಎಣಿಸಲಿ.